ನಾಲ್ಕು ಗದ್ದೆಯ ಅಕ್ಷರ

ನಾನು ಜಪಾನಿಗೆ ಹೋಗಿಬಂದವಳು ಎಂದು ಗೊತ್ತಾದ ಮೇಲೆ ಕೊಪ್ಪ ಪೇಟೆಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ ಬುಲೆಟ್ ರೈಲಿನ ವಿಷಯ ಕೇಳುತ್ತಾರೆ. ರೈಲಿನಲ್ಲಿ ನಾನು ಬಾಯಿ ತೆರೆದುಕೊಂಡು ನಿದ್ದೆ ಮಾಡಿದ್ದೆ. ಹಾಗಾಗಿ ಅದರ ಬಗ್ಗೆ ನನ್ನ ಹತ್ತಿರ ಏನೂ ಇಲ್ಲ. ನನಗೆ ಹೇಳಲಿಕ್ಕಿರುವುದು ಒಂದು ಕೆಸರುಗದ್ದೆಯ ವಿಷಯ, ಆ ಗದ್ದೆಯಲ್ಲಿ ನಾನು ಮಾಡಿಟ್ಟ ಒಂದು ಅವಾಂತರದ ವಿಷಯ. ಅವತ್ತು ತಲೆಯಲ್ಲಿ ಎದ್ದ ರಾಡಿ ಇನ್ನೂ ತಿಳಿಯಾಗಿಲ್ಲ. ಆದ್ದರಿಂದ ಕೊನೆಯಲ್ಲಿ ಏನಾದರೂ ಬುದ್ಧಿಮಾತು ಸಿಗುತ್ತದೆ ಎಂದು ಯಾರೂ ಕಾಯಬೇಡಿ.

ಕೊಪ್ಪ, ಹೊರಡುವ ಮುಂಚೆ

ನಮ್ಮೂರು ಹಿರೇಕೊಡಿಗೆ. ತವರು ಶೃಂಗೇರಿ ಕಡೆಯ ನೆಮ್ಮಾರು. ನನ್ನ ಹೆಸರಿನಲ್ಲಿ ಹಳ್ಳದ ಬದಿಗೆ ನಾಲ್ಕು ಗದ್ದೆಗಳಿವೆ. ನಡುವೆ ನಾವು ಅಂಚು ಎನ್ನುವ ಬದುಗಳು, ಉದ್ದಕ್ಕೊಂದು ಅಂಚು, ಅಡ್ಡಕ್ಕೊಂದು ಅಂಚು. ಅದನ್ನು ಕೊಟ್ಟವರು ನಮ್ಮ ಅತ್ತೆ. ಅವರು ಬೇರೆಯವರ ನೆಲವನ್ನು ಗೇಣಿಗೆ ಮಾಡುತ್ತಿದ್ದವರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ ಟ್ರಿಬ್ಯೂನಲ್ಲಿನಲ್ಲಿ ಕೂತ ಸಾಹೇಬರು "ಈ ಜಮೀನು ಉಳೋರು ಯಾರು?" ಎಂದು ಕೇಳಿದರಂತೆ. ಮಾವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತೆ ಎದ್ದು ನಿಂತು, "ಉಳದು ಎತ್ತು ಸ್ವಾಮಿ, ನೆಡದು ನಾನು" ಎಂದರಂತೆ. ಗದ್ದೆ ಅತ್ತೆಯ ಹೆಸರಿಗೆ ಆಯಿತು. ಮುಂದೆ ಅವರು ಅದನ್ನು ಮಗನಿಗೆ ಕೊಡದೆ ಸೊಸೆಯ ಹೆಸರಿಗೆ ಬರೆದರು. ಕೇಳಿದವರಿಗೆ, "ಈಗ ನೆಡದು ಇವಳಲ್ದ?" ಎಂದರು. ಅಷ್ಟೇ ಕಾರಣ.

ಈ ವರ್ಷ ಆ ಗದ್ದೆಗೆ ಮಣ್ಣು ತುಂಬಿ ಅಡಿಕೆ ಹಾಕುವುದೆಂದು ನಮ್ಮನೆಯವರು ತೀರ್ಮಾನಿಸಿದ್ದರು. ಅದಕ್ಕೆ ಸಹಾಯಧನದ ಒಂದು ಸ್ಕೀಮು ಬಂದಿತ್ತು. ಅರ್ಜಿಯನ್ನು ಅವರೇ ತುಂಬಿಸಿ, ಪಹಣಿ ಲಗತ್ತಿಸಿ, ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ತಂದರು. ನನ್ನ ಸಹಿ ಒಂದೇ ಬಾಕಿ.

"ನೆಟ್ಟಿಗೆ ಜನ ಸಿಕ್ಕದಿಲ್ಲ, ಸಿಕ್ಕಿದ್ರೆ ಹಂದಿ ಬಿಡದಿಲ್ಲ, ಹಂದಿ ಬಿಟ್ರೆ ಬತ್ತ ಕೇಳರಿಲ್ಲ. ಅಂಗಡಿಲಿ ರೇಷನ್ ಅಕ್ಕಿ ಕೊಡ್ತಾರೆ. ನೀ ಯಾರಿಗೆ ಅಂತ ಬೆಳಿತೀಯ ಮಾರಾಯ್ತಿ?" ಎಂದು ಅವರು ಕೇಳಿದರು.

ಒಂದು ಮಾತೂ ಸುಳ್ಳಲ್ಲ. ನಮ್ಮ ಬಯಲಿನಲ್ಲಿ ಭತ್ತ ಉಳಿದಿರುವುದು ನಮ್ಮದೊಂದೇ. ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಮಣ್ಣು ತುಂಬಿದ್ದಾರೆ. ಹಾಗಿದ್ದೂ ಪೆನ್ನು ಹಿಡಿದಾಗ ಕೈ ಮುಂದೆ ಹೋಗಲಿಲ್ಲ. ಏಕೆ ಎಂದು ಅವರು ಕೇಳಿದರೆ ಹೇಳಲಿಕ್ಕೆ ನನ್ನ ಹತ್ತಿರ ಕಾರಣವೂ ಇರಲಿಲ್ಲ. "ಜಪಾನಿಂದ ಬಂದು ಹಾಕ್ತೀನಿ" ಎಂದು ಫೈಲನ್ನು ಬೀರುವಿನಲ್ಲಿಟ್ಟೆ.

ಜಪಾನು ನಡುವೆ ಬಂದದ್ದು ಹೀಗೆ. ನರಸಿಂಹರಾಜಪುರದಲ್ಲಿ ನಡೆದ ಬೀಜಮೇಳಕ್ಕೆ ನಾನು ಅತ್ತೆಯ ಕಾಲದ ಕೆಂಪಕ್ಕಿಯ ಬೀಜ ಒಯ್ದಿದ್ದೆ. ಅದನ್ನು ನೋಡಿದ ಒಂದು ರೈತರ ಸಂಸ್ಥೆಯವರು, ಅಕ್ಕಿ ಬೆಳೆಯುವ ಎರಡು ದೇಶದವರು ಒಬ್ಬರ ಮನೆಯಲ್ಲಿ ಒಬ್ಬರು ನಾಲ್ಕು ದಿನ ಇರುವ ಕಾರ್ಯಕ್ರಮಕ್ಕೆ ನನ್ನ ಹೆಸರು ಬರೆದುಕೊಂಡರು. ನಮ್ಮ ಕಡೆಯಿಂದ ಇನ್ನೊಬ್ಬರು ಶೆಟ್ಟಿಕೊಪ್ಪದ ರಾಘಣ್ಣ. ಅಡಿಕೆ ಬೆಳೆಗಾರರು, ಕಾನೂನಿನ ಹುಚ್ಚಿರುವವರು. ಯಾವ ಸರ್ಕಾರ ಯಾವ ಕಾಯಿದೆ ತಂದಿತು, ಯಾವುದನ್ನು ತಿದ್ದಿತು, ಯಾವುದನ್ನು ವಾಪಸು ತೆಗೆದುಕೊಂಡಿತು ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಬಲ್ಲರು. ಬೇರೆ ಜಿಲ್ಲೆಗಳವರೂ ಇದ್ದರು. ಅವರನ್ನು ಬೇರೆ ಮನೆಗಳಿಗೆ ಹಂಚಿದ್ದರಿಂದ ಅವರ ಕಥೆಯನ್ನು ಅವರೇ ಹೇಳಲಿ.

ದಾರಿಯಲ್ಲಿ

ರೈಲು ಇಳಿದ ಮೇಲೆ ನಮ್ಮನ್ನು ವ್ಯಾನಿನಲ್ಲಿ ಕರೆದೊಯ್ದವಳು ಯೂಕಿ ಎಂಬ ದುಭಾಷಿ ಹುಡುಗಿ. ಮೈಸೂರಿನಲ್ಲಿ ಎರಡು ವರ್ಷ ಕನ್ನಡ ಕಲಿತವಳು. ಅವಳ ಕನ್ನಡ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗಿತ್ತು. "ತಾವು ದಣಿದಿದ್ದೀರೋ? ಶೌಚಾಲಯದ ಅವಶ್ಯಕತೆ ಇರುವುದೋ?" ಎಂದು ಕೇಳಿದಳು. ರಾಘಣ್ಣ ಗಾಬರಿಯಾಗಿ ನನ್ನ ಮುಖ ನೋಡಿದರು. "ಎಂತ ಹೇಳ್ತಾ ಉಂಟು ಈ ಕೂಸು? ಕನ್ನಡನೋ, ಜಪಾನಿಯೋ?"

ದೂರದ ಗುಡ್ಡದ ತಲೆಯ ಮೇಲೆ ಇನ್ನೂ ಹಿಮ ಇತ್ತು. ಕೆಳಗೆ ಬಯಲಿಡೀ ನೀರು ತುಂಬಿದ ಗದ್ದೆಗಳು, ಅದರಲ್ಲಿ ಮೊನ್ನೆ ಮೊನ್ನೆ ನೆಟ್ಟ ಸಸಿ. ಮಳೆಯೇ ಇಲ್ಲದೆ ಗದ್ದೆಯಲ್ಲಿ ಅಷ್ಟು ನೀರು ನಿಂತದ್ದನ್ನು ನಾನು ಕಂಡಿರಲಿಲ್ಲ. ರಸ್ತೆ ಬದಿಯಲ್ಲಿ ಒಂದು ಫಲಕ ಕಂಡಿತು. ಅದರಲ್ಲಿ ಒಂದು ಚೌಕ, ಚೌಕದೊಳಗೆ ಒಂದು ಕೂಡಿಸುವ ಚಿಹ್ನೆ. ಅದೇನೆಂದು ಕೇಳಿದೆ.

"ಅದು 'ತ' ಎಂಬ ಅಕ್ಷರ. ಅದರ ಅರ್ಥ ಭತ್ತದ ಗದ್ದೆ" ಎಂದಳು ಯೂಕಿ.

ನಾನು ಇನ್ನೊಮ್ಮೆ ನೋಡಿದೆ. ನಾಲ್ಕು ಗದ್ದೆ, ಉದ್ದಕ್ಕೊಂದು ಅಂಚು, ಅಡ್ಡಕ್ಕೊಂದು ಅಂಚು. ನಮ್ಮ ಹಳ್ಳದ ಬದಿಯನ್ನು ಯಾರೋ ಮರ ಹತ್ತಿ ಮೇಲಿನಿಂದ ನೋಡಿ ಬರೆದ ಹಾಗಿತ್ತು. ನಮ್ಮ ಪಹಣಿಯಲ್ಲಿ ಗದ್ದೆಗೆ 'ತರಿ' ಎಂದು ಬರೆಯುತ್ತಾರೆ. ಇವರದು 'ತ', ನಮ್ಮದು 'ತರಿ' ಎಂದು ನನಗೆ ವಿಪರೀತ ಖುಷಿಯಾಯಿತು. ಪೂರ್ತಿ ಜಪಾನಿನಲ್ಲಿ ನಾನು ಓದಬಲ್ಲ ಅಕ್ಷರ ಅದೊಂದೇ ಆಗಿತ್ತು. ಊರು ಮುಟ್ಟುವ ತನಕ ಅದು ಕಂಡಲ್ಲೆಲ್ಲ "ಗದ್ದೆ, ಗದ್ದೆ" ಎಂದು ಕೈ ತೋರಿಸುತ್ತಿದ್ದೆ. ನನ್ನ ಈ ಅರ್ಧಂಬರ್ಧ ಓದೇ ಮುಂದೆ ನನ್ನನ್ನು ಕೆಡಿಸಿದ್ದು.

ಹಾರುಕೊ ಅವರ ಊಟದ ಮನೆ

ನಮ್ಮನ್ನು ಇಟ್ಟುಕೊಂಡವರು ಹಾರುಕೊ ಎಂಬ ಹೆಂಗಸು. ಎಪ್ಪತ್ತು ದಾಟಿದವರು, ಗಂಡ ತೀರಿಕೊಂಡಿದ್ದಾರೆ, ಆರೆಂಟು ಗದ್ದೆಗಳನ್ನು ಸ್ವತಃ ಮಾಡುತ್ತಾರೆ. ನಾಟಿ ಯಂತ್ರದ ಮೇಲೆ ತಾವೇ ಕೂತು ಓಡಿಸುತ್ತಾರೆ. ನಾನು ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮೂಸಿ ನೋಡಿ, ಒಳಗೆ ಹೋಗಿ ತಮ್ಮ ಜಾಡಿ ತಂದರು. ಅದರಲ್ಲಿ ಉಪ್ಪು ಹಾಕಿದ ಒಂದು ಕೆಂಪು ಕಾಯಿ. ಬಾಯಿಗಿಟ್ಟುಕೊಂಡರೆ ಕಿವಿಯ ಬುಡದವರೆಗೂ ಹುಳಿ. ಇಬ್ಬರೂ ಕಣ್ಣು ಮುಚ್ಚಿ ಮುಖ ಕಿವಿಚಿದೆವು. ಅಲ್ಲಿಗೆ ಪರಿಚಯ ಮುಗಿಯಿತು.

ಊಟವಾದ ಮೇಲೆ ರಾಘಣ್ಣ ನೋಟುಪುಸ್ತಕ ತೆಗೆದು, "ಇವರ ದೇಶದಲ್ಲಿ ರೈತರ ಕಾನೂನು ಎಂತೆಂತ ಬಂತು, ಮೊದಲಿಂದ ಹೇಳಲಿ" ಎಂದರು. ಹಾರುಕೊ ನಗುತ್ತ ಚಹಾ ಬಗ್ಗಿಸಿ ಮೊದಲಿನಿಂದಲೇ ಶುರುಮಾಡಿದರು.

ಅವರ ಮಾವನೂ ಗೇಣಿದಾರರೇ ಆಗಿದ್ದರಂತೆ. ಯುದ್ಧ ಮುಗಿದ ಮೇಲೆ ಕಾನೂನು ಬಂದು ಒಡೆಯರ ನೆಲವನ್ನು ತೆಗೆದು ಮಾಡುವವರಿಗೆ ಕೊಟ್ಟರಂತೆ. ರಾಘಣ್ಣ ತೊಡೆ ತಟ್ಟಿ, "ಇಲ್ಲೂ ಉಳುವವನೇ ಹೊಲದೊಡೆಯ!" ಎಂದು ಬರೆದುಕೊಂಡರು. ಆ ಕಾಲದಲ್ಲಿ ಅಕ್ಕಿ ಇರಲಿಲ್ಲ. ಅದಕ್ಕೆ ಬೆಳೆದದ್ದರಲ್ಲಿ ಇಷ್ಟು ಸರ್ಕಾರಕ್ಕೆ ಕೊಡಲೇಬೇಕು ಎಂಬ ಕಟ್ಟಳೆ ಇತ್ತು ಎಂದರು.

"ಲೆವಿ!" ಎಂದು ನಾನೂ ರಾಘಣ್ಣನೂ ಒಟ್ಟಿಗೆ ಕೂಗಿದೆವು.

ಆಮೇಲಿನದು ಮಾತಿನ ಜಾತ್ರೆ. ಹಾರುಕೊ ಅವರ ಅತ್ತೆ ಅಕ್ಕಿ ಚೀಲಗಳನ್ನು ಸಾಲಾಗಿ ಇಟ್ಟು, ಮೇಲೆ ಹಾಸಿಗೆ ಹಾಸಿ, ಎಳೆ ಮಗುವನ್ನು ಮಲಗಿಸಿಬಿಟ್ಟಿದ್ದರಂತೆ. ಅಧಿಕಾರಿಗಳು ಬಂದು ಮನೆಯಿಡೀ ಹುಡುಕಿ, ಮಗು ಎಚ್ಚರಾದೀತೆಂದು ತುದಿಗಾಲಲ್ಲಿ ಹೊರಗೆ ಹೋದರಂತೆ. ಆ ಮಗುವೇ ಮುಂದೆ ಹಾರುಕೊ ಅವರ ಗಂಡ.

ನಮ್ಮತ್ತೆ ಮಾಡಿದ್ದೂ ಅದನ್ನೇ. ಲೆವಿಯವರ ಜೀಪಿನ ಸದ್ದು ಕೇಳಿದ್ದೇ ಭತ್ತದ ಚೀಲಗಳನ್ನು ಬಾಣಂತಿ ಕೋಣೆಗೆ ಸಾಗಿಸಿ, ಹತ್ತು ದಿನದ ಮಗನನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದರಂತೆ. ಪುರುಡಿನ ಕೋಣೆಗೆ ಗಂಡಸರು ಕಾಲಿಡುತ್ತಾರೆಯೇ? ಬಂದವರು ಬಾಗಿಲ ಹೊರಗೆ ನಿಂತು, "ಆರೋಗ್ಯವೇನಮ್ಮ?" ಎಂದು ಕೇಳಿ ಹೋದರಂತೆ. ಆ ಹತ್ತು ದಿನದ ಮಗುವೇ ಈಗ ಅಡಿಕೆ ಅರ್ಜಿ ತುಂಬಿಸಿಟ್ಟಿರುವ ನಮ್ಮ ಯಜಮಾನರು.

'ಪುರುಡು' ಎಂದರೆ ಹೆರಿಗೆಯ ಮೈಲಿಗೆ ಎಂದು ಯೂಕಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ತಿಳಿದ ಮೇಲೆ ಹಾರುಕೊ ಮೇಜು ಬಡಿದು ನಕ್ಕರು. ನಮ್ಮಿಬ್ಬರ ಗಂಡಂದಿರೂ ಹುಟ್ಟುತ್ತಲೇ ಸರ್ಕಾರಕ್ಕೆ ಸುಳ್ಳು ಹೇಳಿದವರು ಎಂದು ನಾವಿಬ್ಬರೂ ಒಪ್ಪಿಕೊಂಡೆವು.

ಇಲ್ಲಿಯವರೆಗೆ ನನಗೆ ಎಲ್ಲ ಅರ್ಥವಾಗಿತ್ತು. ತಲೆ ಕೆಡಲು ಶುರುವಾದದ್ದು ಆಮೇಲೆ. ಲೆವಿ ಮುಗಿದ ಮೇಲೆ ಸರ್ಕಾರ ಒಳ್ಳೆಯ ಬೆಲೆ ಕೊಟ್ಟು ಅಕ್ಕಿ ಕೊಳ್ಳತೊಡಗಿತಂತೆ. ಎಲ್ಲರೂ ಬೆಳೆದರು. ಅಷ್ಟರಲ್ಲಿ ಪೇಟೆಯವರು ಬ್ರೆಡ್ಡು ತಿನ್ನಲು ಕಲಿತಿದ್ದರು. ಗೋದಾಮು ತುಂಬಿ ತುಳುಕಿತು. ಆಗ ಹೊಸ ನಿಯಮ ಬಂತು: ಗದ್ದೆಯಲ್ಲಿ ಭತ್ತ ಬೆಳೆಯಬೇಡಿ, ಬೆಳೆಯದೆ ಇದ್ದದ್ದಕ್ಕೆ ಸಹಾಯಧನ ಕೊಡುತ್ತೇವೆ.

"ಬೆಳೆಯದೆ ಇದ್ದದ್ದಕ್ಕಾ?" ಎಂದೆ. ಯೂಕಿ ತಪ್ಪು ಹೇಳಿದಳು ಎಂದುಕೊಂಡೆ.

"ಹೌದು. ಬೆಳೆಯದೆ ಇದ್ದುದಕ್ಕೆ" ಎಂದಳು ಅವಳು, ವ್ಯಾಕರಣ ಸರಿಪಡಿಸಿ.

ಹಾರುಕೊ ಮದುವೆಯಾಗಿ ಬಂದದ್ದು ಆ ಹೊಸ ನಿಯಮದ ಶುರುವಿನಲ್ಲಿ. ಮನೆಯ ಹಿಂದಿನ ಒಂದು ಗದ್ದೆಯನ್ನು ಬೆಳೆಯದ ಲೆಕ್ಕಕ್ಕೆ ಬರೆದುಕೊಟ್ಟಿದ್ದರು. ಆದರೆ ಆಗಲೇ ನಾಟಿ ಆಗಿಹೋಗಿತ್ತು. ಹಾಗಾಗಿ ತೆನೆ ಬರುವ ಮುಂಚೆ ಹಸಿರು ಪೈರನ್ನೇ ಕೊಯ್ದು ತೋರಿಸಬೇಕಾಯಿತು. ಕೊಯ್ದದ್ದು ಹೊಸ ಸೊಸೆ. ಅತ್ತೆ ಅಂಚಿನ ಮೇಲೆ ಕೂತು ಅಳುತ್ತಿದ್ದರಂತೆ. ಇಷ್ಟನ್ನು ಹೇಳಿ ಹಾರುಕೊ ಎಲ್ಲರಿಗೂ ಮತ್ತೆ ಚಹಾ ಬಗ್ಗಿಸಿದರು. ಹಸಿರು ಪೈರು ಕೊಯ್ಯುವುದು ಎಂದರೆ ಏನೆಂದು ನೆಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ನಿಯಮವೂ ಕೆಲವು ವರ್ಷದ ಹಿಂದೆ ಹೋಯಿತಂತೆ. ಪೂರ್ತಿ ಹೋಗಲಿಲ್ಲ, ಗದ್ದೆಯಲ್ಲಿ ಬೇರೆ ಬೆಳೆ ಬೆಳೆದರೆ ಈಗಲೂ ಸಹಾಯಧನ ಇದೆ. ಈಚೆಗೆ ಅಂಗಡಿಗಳಲ್ಲಿ ಅಕ್ಕಿಯೇ ಸಿಗದೆ ಬೆಲೆ ಏರಿ ಜನ ಸಾಲು ನಿಂತರಂತೆ. ಆಗ ದೊಡ್ಡವರು ಟೀವಿಯಲ್ಲಿ ಬಂದು, ಹೆಚ್ಚು ಅಕ್ಕಿ ಬೆಳೆಯಿರಿ ಎಂದರಂತೆ. ರಾಘಣ್ಣನ ಪುಟದಲ್ಲಿ ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ, ಮತ್ತೆ ಮೇಲಕ್ಕೊಂದು. ಕೊನೆಗೆ ಪೆನ್ನು ಕೆಳಗಿಟ್ಟರು.

"ನಮ್ಮಲ್ಲಿ ಬೆಳಿ ಅಂತಾರೆ, ಬೆಂಬಲ ಬೆಲೆ ಅಂತಾರೆ, ಖರೀದಿ ಕೇಂದ್ರ ತೆಗಿಯ ಹೊತ್ತಿಗೆ ನಾವು ಮಾರಿ ಆಗಿರ್ತದೆ. ದಿಲ್ಲಿಲಿ ಮೂರು ಕಾನೂನು ಮಾಡಿದ್ರು, ಮತ್ತೆ ಮೂರನ್ನೂ ವಾಪಸ್ ತಗಂಡ್ರು. ನಮ್ದೇ ಗೋಜಲು ಅಂದ್ಕಂಡಿದ್ದೆ ಲಲಿತಕ್ಕ. ಇವರದ್ದು ಅದರಪ್ಪನ ಹಾಗೆ ಉಂಟು" ಎಂದರು ರಾಘಣ್ಣ.

ಬೆಳಗಿನ ಕೆಸರು

ಮಾರನೆಯ ದಿನ ಆರು ಗಂಟೆಗೇ ಎದ್ದೆ. ಹಾರುಕೊ ಅಡುಗೆಮನೆಯಲ್ಲಿದ್ದರು, ಯೂಕಿ ಎದ್ದಿರಲಿಲ್ಲ. ಮನೆಯ ಹಿಂದಕ್ಕೆ ಹೋದೆ. ನಾಟಿಯಾದ ಗದ್ದೆಗಳ ಪಕ್ಕದಲ್ಲಿ ಒಂದು ಗದ್ದೆ ಮಾತ್ರ ಖಾಲಿ ಇತ್ತು. ಚೆನ್ನಾಗಿ ಉತ್ತು, ಮಟ್ಟಮಾಡಿ, ಪಾದ ಮುಳುಗುವಷ್ಟು ತಿಳಿನೀರು ನಿಲ್ಲಿಸಿದ್ದರು. ಅಂಚಿನ ಮೇಲೆ ಯಂತ್ರಕ್ಕೆ ಹಾಕಿ ಮಿಕ್ಕಿದ ಸಸಿಯ ತಟ್ಟೆಗಳು ಬಿಸಿಲಿಗೆ ತುದಿ ಹಳದಿಯಾಗಿ ಬಿದ್ದಿದ್ದವು. ಗದ್ದೆಯ ಮೂಲೆಯಲ್ಲಿ ಒಂದು ಚಿಕ್ಕ ಹಲಗೆ ನೆಟ್ಟಿದ್ದರು. ಅದರ ಮೇಲೆ ತುಂಬಾ ಅಕ್ಷರಗಳು. ನಡುವೆ ನನ್ನ ಪರಿಚಯದ ಚೌಕ, ಒಳಗೆ ಕೂಡಿಸುವ ಚಿಹ್ನೆ.

ಗದ್ದೆ ಎಂದು ಬರೆದಿದೆ. ನೀರಿದೆ. ಸಸಿ ಇದೆ. ಮುದುಕಿಗೆ ಕೈ ಸಾಲಲಿಲ್ಲ ಪಾಪ ಎಂದುಕೊಂಡೆ.

ನಮ್ಮಲ್ಲಿ ಮಿಕ್ಕ ಸಸಿಯನ್ನು ಅಂಚಿನ ಮೇಲೆ ಬಾಡಲು ಬಿಡುವುದಿಲ್ಲ. ಯಾರ ಗದ್ದೆಯಲ್ಲಿ ಜಾಗ ಉಳಿದಿದೆಯೋ ಅಲ್ಲಿಗೆ ಹೋಗುತ್ತದೆ. ಕೇಳದೆ ನೆಟ್ಟು ಬಂದರೂ ಯಾರೂ ಬೈಯುವುದಿಲ್ಲ, ಕರೆದು ಕಾಫಿ ಕೊಡುತ್ತಾರೆ. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಕೆಸರು ತಣ್ಣಗಿತ್ತು, ನಮ್ಮದಕ್ಕಿಂತ ಮೆದುವಾಗಿತ್ತು. ಬಗ್ಗಿ ಹಿಂದಕ್ಕೆ ಹೆಜ್ಜೆ ಹಾಕುತ್ತ ನೆಡುತ್ತ ಹೋದರೆ ಕೈಗೆ ಯಾವ ದೇಶ ಎಂಬುದು ಮರೆತುಹೋಯಿತು. ನಾಲ್ಕು ಸಾಲು ಮುಗಿಸಿದೆ. ಅಷ್ಟು ದಿನದಲ್ಲಿ ನನಗೆ ಪೂರ್ತಿ ಅರ್ಥವಾದ ಕೆಲಸ ಅದೊಂದೇ. ನಿಜ ಹೇಳುತ್ತೇನೆ, ತುಂಬಾ ಸುಖವಾಯಿತು.

ತಲೆ ಎತ್ತಿದರೆ ಅಂಚಿನ ಮೇಲೆ ಹಾರುಕೊ ನಿಂತಿದ್ದರು. ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು. ಕಾಫಿ ಕೊಡುವವರ ಮುಖ ಅದಾಗಿರಲಿಲ್ಲ.

ಯೂಕಿ ಕೆದರಿದ ತಲೆಯಲ್ಲಿ ಓಡಿಬಂದಳು. ಹಿಂದೆ ಪಂಚೆ ಸರಿಮಾಡಿಕೊಳ್ಳುತ್ತ ರಾಘಣ್ಣ. ಯೂಕಿ ಹಲಗೆಯನ್ನು ಓದಿದಳು. ಅಲ್ಲಿ ಬರೆದದ್ದು ಇಷ್ಟು: ಇದು ಗದ್ದೆಯೇ ಹೌದು ಎಂದು ತೋರಿಸಲು ನೀರು ನಿಲ್ಲಿಸಲಾಗಿದೆ, ಈ ವರ್ಷದ ಬೆಳೆ ಸೋಯಾ.

ನನಗೆ ಅರ್ಥವಾಗಲಿಲ್ಲ. ಯೂಕಿ ಎರಡನೆಯ ಸಲ ಹೇಳಿದಳು. ಬೇರೆ ಬೆಳೆಗೆ ಸಹಾಯಧನ ಸಿಗುವುದು ನೆಲ ಗದ್ದೆಯಾಗಿದ್ದರೆ ಮಾತ್ರ. ಗದ್ದೆ ಎಂದು ತೋರಿಸಲು ಕೆಲವು ವರ್ಷಕ್ಕೊಮ್ಮೆ ಒಂದು ತಿಂಗಳು ನೀರು ನಿಲ್ಲಿಸಬೇಕು. ಆಮೇಲೆ ನೀರು ಹೊರಗೆ ಬಿಟ್ಟು ಸೋಯಾ ಬಿತ್ತಬೇಕು. ಬರೆದುಕೊಟ್ಟದ್ದಕ್ಕೂ ನೆಲದ ಮೇಲೆ ಕಾಣುವುದಕ್ಕೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಗದ್ದೆ ಪಟ್ಟಿಯಿಂದ ಬಿಟ್ಟುಹೋಗಬಹುದು.

"ಗದ್ದೆ ಅಂತ ತೋರ್ಸಕ್ಕೆ ನೀರು ಬೇಕು, ಬತ್ತ ಮಾತ್ರ ಬ್ಯಾಡ?" ಎಂದು ಕೇಳಿದರು ರಾಘಣ್ಣ.

"ಹೌದು. ಆದರೆ ಈ ನೀರಿನ ನಿಯಮವೂ ಮುಂದೆ ಇರುವುದಿಲ್ಲವಂತೆ" ಎಂದಳು ಯೂಕಿ.

"ಲಲಿತಕ್ಕ, ನೀವು ಮೇಲೆ ಬನ್ನಿ. ನಂಗೆ ತಲೆ ತಿರುಗ್ತದೆ" ಎಂದರು ರಾಘಣ್ಣ.

ನಾನು ಮೇಲೆ ಬರಲಿಲ್ಲ. ಕೆಸರಿನಲ್ಲೇ ನಿಂತು, ಪಟ್ಟಿಯಿಂದ ಬಿಟ್ಟುಹೋದರೆ ಏನಾಗುತ್ತದೆ ಎಂದು ಕೇಳಿದೆ. ಹಾರುಕೊ ನಿಧಾನವಾಗಿ ಹೇಳಿದರು. ಅದು ಮುಂದೆ ಗದ್ದೆಯ ಲೆಕ್ಕಕ್ಕೇ ಬರುವುದಿಲ್ಲ. ಅದರ ನೀರಿನ ಪಾಲು ಹೋಗುತ್ತದೆ, ಅಂಚು ಕಟ್ಟುವವರು ಇರುವುದಿಲ್ಲ, ಒಂದು ದಿನ ಅಲ್ಲಿ ಕಾರು ನಿಲ್ಲಿಸುತ್ತಾರೆ. ಇಷ್ಟು ವರ್ಷ ಭತ್ತ ಬೆಳೆಯದೆಯೇ ಅದನ್ನು ಗದ್ದೆಯಾಗಿ ಉಳಿಸಿಕೊಂಡು ಬಂದಿದ್ದೇನೆ, ಯಾವತ್ತಾದರೂ ಬೆಳೆಯಿರಿ ಎಂದು ಹೇಳಿದರೆ ಗದ್ದೆ ಇರಬೇಕಲ್ಲ ಎಂದರು. ಆಮೇಲೆ ಕೈಗಡಿಯಾರ ನೋಡಿಕೊಂಡರು. ನೀರು ನಿಂತದ್ದನ್ನು ನೋಡಿ ಫೋಟೋ ಹಿಡಿಯಲು ಆಫೀಸರು ಬರುವುದು ಅವತ್ತೇ ಒಂಬತ್ತು ಗಂಟೆಗೆ.

ಆ ಹೆಂಗಸಿನ ಜೀವಮಾನದ ಕೆಲಸವನ್ನು ನಾನು ನಾಲ್ಕು ಸಾಲಿನಲ್ಲಿ ಹಾಳುಮಾಡಿದ್ದೆ. ನಾಚಿಕೆಯಿಂದ ಅಳು ಬಂತು.

ಒಂಬತ್ತು ಗಂಟೆಯ ಆಫೀಸರು

"ಆಫೀಸರಿಗೆ ಹೇಳಿ ಹೊಂದಿಸ್ಕಂಡ್ರೆ ಆಗದಿಲ್ವ? ಒಂದು ಬಾಟ್ಲಿ ಮಿಡಿ ಉಪ್ಪಿನಕಾಯಿ ಇನ್ನೂ ಉಂಟು" ಎಂದರು ರಾಘಣ್ಣ. ಯೂಕಿ ಅದನ್ನು ಭಾಷಾಂತರ ಮಾಡಲಿಲ್ಲ.

ಬೇರೆ ದಾರಿ ಇರಲಿಲ್ಲ. ನೆಟ್ಟದ್ದನ್ನು ಕೀಳಬೇಕು. ನಾನು ಬಗ್ಗಿದೆ. ಕೈ ಸಸಿಯ ಬುಡಕ್ಕೆ ಹೋಯಿತು, ಆದರೆ ಎಳೆಯಲಿಲ್ಲ. ಕಳೆ ಕಿತ್ತ ಕೈ ಇದು, ನೆಟ್ಟ ಭತ್ತವನ್ನು ಯಾವತ್ತೂ ಕಿತ್ತದ್ದಲ್ಲ. ಹಾರುಕೊ ನೋಡಿದರು. ಗಮ್ ಬೂಟು ಹಾಕಿಕೊಂಡೇ ಇಳಿದು, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಒಂದು ಕ್ಷಣ ಆ ಸಾಲುಗಳನ್ನು ನೋಡುತ್ತ ನಿಂತು ಏನೋ ಹೇಳಿದರು.

"ಅವರ ಅತ್ತೆ ಕೂಡ ಹೀಗೆಯೇ, ಹಿಂದಕ್ಕೆ ನಡೆಯುತ್ತ ನೆಡುತ್ತಿದ್ದರಂತೆ. ಅವರ ನಂತರ ಕೈಯಿಂದ ನೆಟ್ಟ ಸಾಲನ್ನು ಈ ಗದ್ದೆ ನೋಡಿರಲಿಲ್ಲವಂತೆ" ಎಂದಳು ಯೂಕಿ.

ಆಮೇಲೆ ಹಾರುಕೊ ಒಂದೊಂದಾಗಿ ಕಿತ್ತರು. ಇದೇ ಗದ್ದೆಯಲ್ಲಿ ಅವರು ಹಸಿರು ತೆಗೆಯುವುದು ಎರಡನೆಯ ಸಲ. ಎಸೆಯಲಿಲ್ಲ. ಬೇರು ತೊಳೆದು, ಸೂಡಿ ಕಟ್ಟಿ, ಒಂದು ನೀಲಿ ಬಕೇಟಿನಲ್ಲಿ ಕೆಸರಿನ ಸಮೇತ ಇಟ್ಟು ಮನೆಯ ಜಗಲಿಗೆ ಒಯ್ದರು. ನಾನು ಹಿಂದೆ ಹಿಂದೆ "ತಪ್ಪಾಯ್ತು, ತಪ್ಪಾಯ್ತು" ಎನ್ನುತ್ತ ಹೋದೆ. ಯೂಕಿ ಅದನ್ನು ಎಷ್ಟು ಸಲ ಭಾಷಾಂತರ ಮಾಡಿದಳೋ.

ಒಂಬತ್ತಕ್ಕೆ ಸರಿಯಾಗಿ ಆಫೀಸರು ಬಂದರು. ತೆಳ್ಳಗಿನ ಹುಡುಗ ಮುಖದವರು, ಕೈಯಲ್ಲಿ ಟ್ಯಾಬ್ಲೆಟ್ಟು. ನಮ್ಮೆಲ್ಲರಿಗೂ ಬಗ್ಗಿ ನಮಸ್ಕರಿಸಿದರು. ಹಲಗೆ ಓದಿದರು, ನೀರಿನ ಆಳ ಅಳೆದರು. ಫೋಟೋ ಹಿಡಿಯಲು ಕೈ ಎತ್ತಿದವರು ನಿಲ್ಲಿಸಿ ಬಗ್ಗಿ ನೋಡಿದರು. ರಾಡಿ ಆಗಲೇ ಕೂತು ನೀರು ತಿಳಿಯಾಗಿತ್ತು. ಕೆಳಗೆ ಮೆತ್ತನೆಯ ಕೆಸರಿನಲ್ಲಿ ನನ್ನ ಹೆಜ್ಜೆಗಳು, ಹಿಂದಕ್ಕೆ ಹಿಂದಕ್ಕೆ ಹೋದ ನಾಲ್ಕು ಸಾಲು, ಐದೈದು ಬೆರಳು ಎಣಿಸುವ ಹಾಗೆ. ಇದೇನು ಎಂದು ಅವರು ಕೇಳಿದ್ದು ಯೂಕಿ ಹೇಳದೆಯೇ ನನಗೆ ಗೊತ್ತಾಯಿತು.

ಹಾರುಕೊ ಮುಖದ ಒಂದು ನೆರಿಗೆಯನ್ನೂ ಅಲ್ಲಾಡಿಸದೆ ಒಂದು ಶಬ್ದ ಹೇಳಿದರು.

"ಕೊಕ್ಕರೆ" ಎಂದು ಯೂಕಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಆಫೀಸರು ನೀರನ್ನು ನೋಡಿದರು. ಮೊಣಕಾಲಿನ ತನಕ ಕೆಸರು ಒಣಗಿದ ನನ್ನ ಕಾಲನ್ನು ನೋಡಿದರು. ರಾಘಣ್ಣ ಆಕಾಶದಲ್ಲಿ ಕೊಕ್ಕರೆ ಹುಡುಕತೊಡಗಿದರು. ಆಫೀಸರು ಏನೋ ಹೇಳಿ, ಎರಡು ಹೆಜ್ಜೆ ಆಚೆ ಹೋಗಿ ಅಲ್ಲಿಂದ ಫೋಟೋ ಹಿಡಿದು, ಮತ್ತೆ ಬಗ್ಗಿ ನಮಸ್ಕರಿಸಿ ಹೊರಟರು.

"ಈ ವರ್ಷ ಬಹಳ ದೊಡ್ಡ ಕೊಕ್ಕರೆ ಬಂದಿದೆ ಎಂದರು" ಎಂದಳು ಯೂಕಿ.

ಬಾಣಂತಿ ಕೋಣೆಯ ಹೊರಗೆ ನಿಂತು ಆರೋಗ್ಯ ಕೇಳಿ ಹೋದವರೂ ಇಂಥವರೇ ಇರಬೇಕು ಎಂದು ನನಗೆ ಮೊದಲ ಸಲ ಅನ್ನಿಸಿತು. ಒಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದು ನಾವು ಇಷ್ಟು ವರ್ಷ ನಂಬಿದ್ದೆವು.

ಹೊರಟ ದಿನ

ವ್ಯಾನಿಗೆ ಕಾಯುತ್ತ ನಿಂತಾಗ ಹಾರುಕೊ ನನ್ನ ಗದ್ದೆಯ ವಿಷಯ ಕೇಳಿದರು. ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಹೇಳಿದೆ. ಬೀರುವಿನ ಫೈಲು, ಬಾಕಿ ಇರುವ ಸಹಿ, ಅಡಿಕೆ. ರಾಘಣ್ಣ ಅಚ್ಚರಿಯಿಂದ ನನ್ನನ್ನು ನೋಡಿದರು.

ಹಾರುಕೊ ಸಲಹೆ ಕೊಡಲಿಲ್ಲ. ಒಂದೇ ಪ್ರಶ್ನೆ ಕೇಳಿದರು. ಯೂಕಿ ಅದನ್ನು ತನ್ನ ಇಸ್ತ್ರಿ ಕನ್ನಡದಲ್ಲಿ ಹೇಳಿದಳು. "ಭತ್ತವನ್ನು ನೆಡಬೇಡಿರಿ ಎಂದು ತಮಗೆ ಯಾರು ಆಜ್ಞೆ ಮಾಡಿದರು?"

ನಮಗೆ ಯಾರೂ ಆಜ್ಞೆ ಮಾಡಿಲ್ಲ. ಹಲಗೆ ನೆಟ್ಟಿಲ್ಲ, ಹಸಿರು ಪೈರು ಕೊಯ್ಯಿ ಎಂದಿಲ್ಲ. ನಾವಾಗಿಯೇ ಒಬ್ಬರ ಹಿಂದೊಬ್ಬರು ಬಿಟ್ಟೆವು. ಹಾಗೆಂದು ಬಿಟ್ಟವರದ್ದು ತಪ್ಪೇ? ಜನ ಇಲ್ಲ ಎಂಬುದು ಸುಳ್ಳೇ, ಹಂದಿ ಸುಳ್ಳೇ? ವಿಮಾನದಲ್ಲಿ ಕೂತು ಹಗಲಿಡೀ ಇದನ್ನೇ ಯೋಚಿಸಿದೆ. ಪಕ್ಕದಲ್ಲಿ ರಾಘಣ್ಣ ನೋಟುಪುಸ್ತಕ ತೆಗೆದು ಬಾಣಗಳನ್ನು ಎಣಿಸಿ ಮತ್ತೆ ಮುಚ್ಚಿದರು.

ಕೊಪ್ಪ, ಬಂದ ಮೇಲೆ

ಬರುವಷ್ಟು ಹೊತ್ತಿಗೆ ಮೊದಲ ಮಳೆ ಬಿದ್ದಿತ್ತು. ಅರ್ಜಿಗೆ ಕೊನೆಯ ದಿನವೂ ಬಂತು. ಫೈಲು ಹಿಡಿದು ಇಬ್ಬರೂ ಕೊಪ್ಪದ ಆಫೀಸಿಗೆ ಹೋದೆವು. ಕೌಂಟರಿನಲ್ಲಿ ಕೂತಿದ್ದ ಗುಮಾಸ್ತರಿಗೆ ನಾನು ಒಂದು ಪ್ರಶ್ನೆ ಹಾಕಿದೆ. ಅಡಿಕೆ ಹಾಕಿದ ಮೇಲೆ ಪಹಣಿಯಲ್ಲಿರುವ 'ತರಿ' ಏನಾಗುತ್ತದೆ?

"ಬದಲಾಯಿಸ್ಬೇಕು ಅಂದ್ರೆ ಅರ್ಜಿ ಕೊಡಿ, ಬಾಗಾಯ್ತು, ಅಂದ್ರೆ ತೋಟ ಅಂತ ಆಗ್ತದೆ. ಕೊಡದಿದ್ರೆ ತರಿ ಅಂತಲೇ ಇರ್ತದೆ. ಎಷ್ಟೋ ಜನದ್ದು ಹಾಗೇ ಉಂಟು ಅಕ್ಕ" ಎಂದರು ಅವರು.

ಅಂದರೆ ನಮ್ಮ ಬಯಲಿಡೀ ಕಾಗದದಲ್ಲಿ ಇನ್ನೂ ಗದ್ದೆ. ಅಲ್ಲಿ ಭತ್ತ ಬೆಳೆಯದೆ ಗದ್ದೆಯನ್ನು ಉಳಿಸಿಕೊಂಡಿದ್ದಾರೆ. ಇಲ್ಲಿ ಗದ್ದೆಯೇ ಇಲ್ಲದೆ ಅದರ ಹೆಸರು ಉಳಿದುಕೊಂಡಿದೆ. ನನ್ನ ತಲೆ ಮತ್ತೆ ಗಿರ್ರೆಂದಿತು.

"ಈ ಸಹಿ ಮುಂದಿನ ವರ್ಷ ಹಾಕಿದ್ರೆ ಆಗ್ತದ?" ಎಂದು ಕೇಳಿದೆ.

"ಮುಂದಿನ ವರ್ಷ ಈ ಸ್ಕೀಮು ಇರ್ತದೋ ಇಲ್ವೋ, ಯಾರಿಗೆ ಗೊತ್ತು?" ಎಂದರು ಗುಮಾಸ್ತರು. ಎರಡು ದೇಶ ಸುತ್ತಿ ಬಂದವಳಿಗೆ ಕಾನೂನಿನ ವಿಷಯದಲ್ಲಿ ಸಲೀಸಾಗಿ ಅರ್ಥವಾದ ಮಾತು ಅದೊಂದೇ.

ಅಷ್ಟರಲ್ಲಿ ಮೊಬೈಲು ಟಿಣ್ ಎಂದಿತು. ಯೂಕಿ ಒಂದು ಫೋಟೋ ಕಳಿಸಿದ್ದಳು. ಹಾರುಕೊ ಅವರ ಜಗಲಿ, ಜಗಲಿಯ ಮೇಲೆ ಆ ನೀಲಿ ಬಕೇಟು. ನಾನು ನೆಟ್ಟು ಅವರು ಕಿತ್ತ ಸಸಿ ಬೇರು ಕಚ್ಚಿ, ಮರಿ ಒಡೆದು, ಕಡು ಹಸಿರಾಗಿ ನಿಂತಿತ್ತು. ಬಕೇಟಿನಲ್ಲಿ ಐಸ್‌ಕ್ರೀಮ್ ಕಡ್ಡಿಯಷ್ಟು ಚಿಕ್ಕ ಒಂದು ಹಲಗೆ ನೆಟ್ಟಿದ್ದರು. ಅದರ ಮೇಲೆ ಒಂದೇ ಅಕ್ಷರ. ಚೌಕ, ಒಳಗೆ ಕೂಡಿಸುವ ಚಿಹ್ನೆ.

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಮ್ಮನೆಯವರು ಕತ್ತು ಚಾಚಿ ನೋಡಿದರು.

"ಎಂತದು ಇದು?"

"ಗದ್ದೆ."

"ಬಕೇಟಲ್ವ?"

"ಗದ್ದೆ. ಬರೆದಿದಾರೆ ನೋಡಿ."

ಬೆಂಚಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹಲಗೆ, ನಾಲ್ಕು ಸಾಲು, ಕೊಕ್ಕರೆ. ಚೀಲದ ಮೇಲೆ ಮಲಗಿದ್ದ ಅಲ್ಲಿಯ ಮಗುವಿನ ಕಥೆಯನ್ನೂ ಹೇಳಿದೆ. ಲೆವಿ ಭತ್ತ ಕಾದ ತಮ್ಮ ಕಥೆಯನ್ನು ಅವರು ಅಮ್ಮನ ಬಾಯಲ್ಲಿ ನೂರು ಸಲ ಕೇಳಿದವರು. ಇನ್ನೊಂದು ದೇಶದಲ್ಲಿ ತಮ್ಮಂಥವನೇ ಇನ್ನೊಬ್ಬ ಇದ್ದ ಎಂದು ತಿಳಿದು ಅವರು ಮೊಬೈಲು ಇಸಿದುಕೊಂಡು ಆ ಬಕೇಟನ್ನು ಇನ್ನೊಮ್ಮೆ ನೋಡಿದರು. ಕೌಂಟರು ಮುಚ್ಚುವ ಹೊತ್ತಾಯಿತು. ಗುಮಾಸ್ತರು ನಮ್ಮ ಕಡೆ ನೋಡಿದರು. ನಾನು ಪೆನ್ನು ತೆಗೆಯಲಿಲ್ಲ, ನಮ್ಮನೆಯವರು ತೆಗೆ ಎನ್ನಲಿಲ್ಲ.

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ನೆಟ್ಟಿಗೆ ಜನ ಎಲ್ಲಿಂದ ತರುವುದು ಎಂದು ಈಗಲೂ ಗೊತ್ತಿಲ್ಲ. ಹಂದಿಗಳಿಗಂತೂ ನನ್ನ ವಿದೇಶ ಪ್ರವಾಸದ ಸುದ್ದಿ ಮುಟ್ಟಿಲ್ಲ. ಫೈಲನ್ನು ಅಂಗಿಯೊಳಗೆ ತೂರಿಸಿಕೊಂಡು ಅವರು ಸ್ಕೂಟರು ಶುರುಮಾಡಿದರು. ನಾನು ಹಿಂದೆ ಕೂತೆ. ಬಸ್ ಸ್ಟ್ಯಾಂಡು ದಾಟಿತು. ಆಮೇಲೆ, ತಲೆ ತಿರುಗಿಸದೆ ಕೇಳಿದರು.

"ಬೀಜ ಎಷ್ಟು ಕೊಳಗ ನೆನೆ ಹಾಕದು, ಮಾರಾಯ್ತಿ?"